ಗಾಜಿನ ಟ್ಯೂಬು, ಇಪ್ಪತ್ತು ನಿಮಿಷ, ಕಮಲಕ್ಕ

ಹೋದ ತಿಂಗಳು ನಮ್ಮ ಆಸ್ಪತ್ರೆಗೆ ಹೊಸತಾಗಿ ಸೇರಿದ ನರ್ಸ್ ಹುಡುಗಿಯೊಬ್ಬಳು ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಸೋಫಾದ ತುದಿಯಲ್ಲಿ ಕೂತು, "ಸಿಸ್ಟರ್, ಹಾವು ಕಡಿದವರು ಬಂದ್ರೆ ಮೊದಲು ಎಂತ ಮಾಡುದು? ಪುಸ್ತಕದಲ್ಲಿ ತುಂಬ ಉಂಟು. ಆ ಹೊತ್ತಿಗೆ ಒಂದೂ ಮಂಡೆಗೆ ಬರುದಿಲ್ಲ" ಎಂದಳು. ನಾನು ಚಹಾ ಕೊಟ್ಟು, "ಮೊದಲು ನಿನ್ನ ಮುಖ ಸರಿ ಮಾಡಿಕೊ" ಎಂದೆ. ಪಾಪ, ಅವಳು ಕರ್ಚೀಫು ತೆಗೆದು ಮುಖ ಒರೆಸಿಕೊಂಡಳು. ಆ ಮುಖ ಅಲ್ಲ ಮಾರಾಯ್ತಿ, ಬಂದವರು ನೋಡುವ ಮುಖ ಎಂದು ಹೇಳಬೇಕಾಯಿತು. ಹಾವು ಕಡಿದವನು ಬಾಗಿಲಲ್ಲಿ ಮೊದಲು ನೋಡುವುದು ಡಾಕ್ಟರನ್ನಲ್ಲ, ನಮ್ಮನ್ನು. ನಮ್ಮ ಮುಖದಲ್ಲಿ ಗಾಬರಿ ಕಂಡರೆ ಅವನ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಇದನ್ನು ನನಗೆ ಕಲಿಸಿದವರು ಫಿಲೋಮಿನಾ ಸಿಸ್ಟರ್. ಅವರ ಹೆಸರು ಮುಂದೆಯೂ ಬರುತ್ತದೆ.

ಆ ಹುಡುಗಿ ಹೋದ ಮೇಲೆ, ಬಾಯಲ್ಲಿ ಹೇಳಿದ್ದು ಸಾಲದು, ಬರೆದಿಡಬೇಕು ಅನ್ನಿಸಿತು. ನಾನು ದೇವಕಿ. ಹುಟ್ಟಿದ್ದು ಗುತ್ತಿಗಾರಿನಲ್ಲಿ. ಮನೆಯಲ್ಲಿ ಅರೆಭಾಷೆ; ವಾರ್ಡಿನಲ್ಲಿ ತುಳು, ಬ್ಯಾರಿ, ಮಲಯಾಳ, ಯಾರಿಗೆ ಯಾವುದು ಬೇಕೋ ಅದು. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ಬಹುಪಾಲು ಕಳೆದದ್ದು ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯಿಂದ ಕಾಯಿಲೆಯವರು ಬರುತ್ತಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಅದರ ಹೆಸರು ಬರೆಯುವುದಿಲ್ಲ. ಯಾವ ವರ್ಷ ಯಾವ ಪ್ರಮೋಶನ್ ಸಿಕ್ಕಿತು ಎಂಬುದನ್ನೂ ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಕಾರವಿಲ್ಲ. ಬರೆಯಲೇಬೇಕಾದದ್ದು ಕಮಲಕ್ಕನ ವಿಷಯ. ಅವರು ನಮ್ಮ ವಾರ್ಡಿನ ಆಯಾ ಆಗಿದ್ದರು, ಗುತ್ತಿಗೆಯ ಮೇಲೆ. ನಾನು ಮಾಡಿದ ತಪ್ಪಿಗೆ ಅವರ ಕೆಲಸ ಹೋಯಿತು, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಓದುವಾಗ ಇದು ನೆನಪಿರಲಿ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಾವು ಕಡಿದವರು ನಮ್ಮಲ್ಲಿಗೆ ನೇರ ಬರುತ್ತಿರಲಿಲ್ಲ. ಮೊದಲು ನಾಟಿ ಮದ್ದು ಕೊಡುವವರ ಮನೆ, ಅಲ್ಲಿ ಹಸಿರು ಲೇಪ, ಆಮೇಲೆ ಬಾತುಕೊಂಡು ಮೊಣಕಾಲು ದಾಟಿದ ಮೇಲೆ ಜೀಪು ಹಿಡಿದು ಆಸ್ಪತ್ರೆ. ಬರುವಾಗ ಕಾಲಿಗೆ ಒಂದು ಕಟ್ಟು. ಲುಂಗಿ ಹರಿದು, ಬಾಳೆನಾರಿನಲ್ಲಿ, ಒಮ್ಮೆಯಂತೂ ಸೈಕಲ್ ಟ್ಯೂಬಿನಲ್ಲಿ ಕಟ್ಟಿದ್ದರು. ಕೆಲವರು ಬ್ಲೇಡಿನಲ್ಲಿ ಗಾಯ ಕೊಯ್ದಿರುತ್ತಿದ್ದರು. ಹಾವಿಗಿಂತ ಬ್ಲೇಡಿನ ಗಾಯ ಹೊಲಿಯುವುದೇ ಹೆಚ್ಚಿನ ಕೆಲಸ.

ಆ ಕಟ್ಟಿನಿಂದಲೇ ನನ್ನ ಮೊದಲ ಎಡವಟ್ಟು. ಅಜ್ಜಾವರದಿಂದ ಒಬ್ಬ ಕೂಲಿಯಾಳನ್ನು ತಂದರು. ಕಾಲು ಕಪ್ಪಾಗಿತ್ತು, ಕಟ್ಟು ಮಾಂಸದೊಳಗೆ ಹೂತಿತ್ತು. ಕಟ್ಟು ಕಟ್ಟಬಾರದು ಎಂದು ಓದಿದ್ದೆನಲ್ಲ, ಕತ್ತರಿ ತೆಗೆದು ಚಕ್ಕನೆ ಕತ್ತರಿಸಿಬಿಟ್ಟೆ. ನಾನು ಏನೋ ದೊಡ್ಡ ಕೆಲಸ ಮಾಡಿದವಳ ಹಾಗೆ ತಲೆ ಎತ್ತುವಷ್ಟರಲ್ಲಿ ಆ ಮನುಷ್ಯ ಬೆವರಿ, ಕಣ್ಣು ಮೇಲೆ ಮಾಡಿ, ಕುರ್ಚಿಯಿಂದ ಜಾರಿದ. ಕಟ್ಟಿನ ಕೆಳಗೆ ತಡೆದು ನಿಂತಿದ್ದೆಲ್ಲ ಒಂದೇ ಸಲ ಮೈಗೆ ಏರಿತ್ತು. ಫಿಲೋಮಿನಾ ಸಿಸ್ಟರ್ ಓಡಿಬಂದರು. ಅವರು ನಮ್ಮ ಹೆಡ್ ನರ್ಸ್, ಮಂಗಳೂರಿನವರು, ಬೈಯುವುದನ್ನೂ ಮೆಲ್ಲನೆ ಬೈಯುವವರು. ಮೊದಲು ಡ್ರಿಪ್ ಹಾಕಿದರು, ವಿಷದ ಮದ್ದು ಏರಿಸಿದರು, ಮನುಷ್ಯ ಉಳಿದ. ಆಮೇಲೆ ನನ್ನನ್ನು ಸ್ಟೋರ್ ರೂಮಿಗೆ ಕರೆದು ಹೇಳಿದರು. "ದೇವಕಿ, ಕಟ್ಟು ಕಟ್ಟುದು ಎಷ್ಟು ತಪ್ಪೋ, ಎಂತದೂ ತಯಾರಿಲ್ಲದೆ ಬಿಚ್ಚುದೂ ಅಷ್ಟೇ ತಪ್ಪು. ಡ್ರಿಪ್ ಇರ್ಬೇಕು, ಮದ್ದು ಇರ್ಬೇಕು, ಡಾಕ್ಟರ್ ಪಕ್ಕದಲ್ಲಿ ಇರ್ಬೇಕು, ಆಮೇಲೆ ಕತ್ತರಿ. ತಿಳೀತಾ? ಈಗ ಹೋಗಿ ಅವನ ಹೆಂಡತಿಗೆ ನೀನೇ ಹೇಳು, ನನ್ನಿಂದ ತಪ್ಪಾಯ್ತು ಅಂತ." ಹೇಳಿದೆ. ಆ ಹೆಂಗಸು ನನ್ನ ಕೈ ಹಿಡಿದು, "ಉಳಿಸಿದ್ದು ನೀವೇ ಅಲ್ವ" ಎಂದಳು. ನನಗೆ ಅಳು ಬಂತು.

ತಪ್ಪು ಮಾಡಿದರೆ ಆವತ್ತೇ ಹೇಳಬೇಕು ಎಂಬ ಪಾಠ ನನಗೆ ಹೀಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲೇ ಸಿಕ್ಕಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಕಮಲಕ್ಕ ಬಂದದ್ದು ಇದಾಗಿ ಎಷ್ಟೋ ವರ್ಷದ ಮೇಲೆ, ಫಿಲೋಮಿನಾ ಸಿಸ್ಟರ್ ನಿವೃತ್ತರಾಗುವ ಸುಮಾರಿಗೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಂಡ ತೀರಿಹೋಗಿದ್ದರು, ಕಡಬದ ಕಡೆಯ ಮನೆ. ನಾವಿಬ್ಬರೂ ತುಳುವಿನಲ್ಲೇ ಮಾತಾಡುತ್ತಿದ್ದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವರಿಗೆ ಕೆಲಸ ಅಂದರೆ ಕೆಲಸ, ಒಟ್ರಾಶಿ, ಹೇಗೆ ಹೇಗೋ ಮಾಡಿದ್ದನ್ನು ನಾನು ಕಂಡದ್ದಿಲ್ಲ. ನೆಲ ಒರೆಸಿದರೆ ಮಂಚದ ಕಾಲಿನ ಬುಡಕ್ಕೂ ಬಟ್ಟೆ ಹೋಗುತ್ತಿತ್ತು. ನಾನು ವಾರ್ಡಿನಲ್ಲಿ ಎಲ್ಲರಿಗೂ ಪಿರಿಪಿರಿ ಮಾಡುವವಳು, ಅವರಿಗೆ ಮಾತ್ರ ಮಾಡಬೇಕಾಗುತ್ತಿರಲಿಲ್ಲ.

ಅವರು ಎಂಥವರು ಎಂದು ತಿಳಿಯಲು ಒಂದು ದಿನದ ಕತೆ ಸಾಕು. ನಮ್ಮ ಗುತ್ತಿಗಾರಿನಿಂದಲೇ ಒಬ್ಬಳು ಹೆಂಗಸನ್ನು ಮಧ್ಯಾಹ್ನ ತಂದರು. ಕಟ್ಟಿಗೆ ಎಳೆಯುವಾಗ ಕೈಗೆ ಕಡಿದಿತ್ತು. ಯಾವ ಹಾವು ಎಂದರೆ ಮನೆಯವರು ಬಾಯಿ ಬಿಡುವುದಿಲ್ಲ. ಅತ್ತೆ ಕೈಮುಗಿದು, "ಅದು. ಹೆಸರು ಹೇಳುದು ಬೇಡ" ಎಂದರು. ನಾಗರಹಾವಿನ ಹೆಸರನ್ನು ನಮ್ಮಲ್ಲಿ ಅಂಥ ಹೊತ್ತಿನಲ್ಲಿ ಎತ್ತುವುದಿಲ್ಲ. ಅವರು ಹೇಳಬೇಕಾಗಿಯೂ ಇರಲಿಲ್ಲ, ಅವಳ ಕಣ್ಣಿನ ರೆಪ್ಪೆ ಹೇಳುತ್ತಿತ್ತು. ಎರಡೂ ರೆಪ್ಪೆ ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು. ಮದ್ದು ಕೊಡುತ್ತಿದ್ದ ಹಾಗೆಯೇ ಉಸಿರು ಸಣ್ಣದಾಯಿತು. ಆಗ ನಮ್ಮಲ್ಲಿ ಉಸಿರಾಟದ ಯಂತ್ರ ಇರಲಿಲ್ಲ. ಡಾಕ್ಟರು ಗಂಟಲಿಗೆ ನಳಿಗೆ ಹಾಕಿಕೊಟ್ಟರು. ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ ಹಿಡಿದು ನಾನು ಆಂಬುಲೆನ್ಸ್ ಹತ್ತಿದೆ, ಜತೆಗೆ ಕಮಲಕ್ಕ. ಮಂಗಳೂರಿನವರೆಗೆ ನಾನು ಒತ್ತಿದೆ, ಕೈ ಸೋತಾಗ ಅವರು ಒತ್ತಿದರು. ಒತ್ತದೆ ಇರುವ ಹೊತ್ತಿನಲ್ಲಿ ಅವರು ಆ ಹೆಂಗಸಿನ ಕಿವಿಯ ಹತ್ತಿರ ಬಗ್ಗಿ, "ಪುತ್ತೂರು ಬಂತು ತಂಗೀ. ಕಬಕ ದಾಟಿತು. ಇದು ಮಾಣಿ. ಈಗ ಕಲ್ಲಡ್ಕ" ಎಂದು ಹೇಳುತ್ತಲೇ ಇದ್ದರು. ನನಗೆ ಸಿಟ್ಟು ಬಂತು. "ಕಮಲಕ್ಕ, ಅವಳಿಗೆ ಸ್ಮೃತಿ ಇಲ್ಲ, ನೀವು ಯಾರಿಗೆ ಹೇಳುದು?" ಎಂದೆ. "ಇಲ್ಲ ಅಂತ ನಿಮಗೆ ಯಾರು ಹೇಳಿದ್ದು? ಇದ್ರೆ?" ಎಂದರು.

ಎರಡು ವಾರ ಕಳೆದು ಆ ಹೆಂಗಸು ನಡೆದುಕೊಂಡೇ ನಮ್ಮ ವಾರ್ಡಿಗೆ ಬಂದಳು. "ನನಗೆ ಎಲ್ಲ ಕೇಳ್ತಾ ಇತ್ತು. ಕಣ್ಣು ಬಿಡ್ಲಿಕ್ಕೆ ಆಗ್ತಿರ್ಲಿಲ್ಲ, ಬೆರಳು ಆಡ್ತಿರ್ಲಿಲ್ಲ. ಯಾರೋ ಒಬ್ರು ಊರಿನ ಹೆಸರು ಹೇಳ್ತಾ ಇದ್ರು, ಬಿ.ಸಿ. ರೋಡು ಅಂದಾಗ ಇನ್ನು ಸ್ವಲ್ಪವೇ ಉಂಟು ಅಂತ ಧೈರ್ಯ ಬಂತು" ಎಂದಳು. ನಾನು ಕಮಲಕ್ಕನ ಕಡೆ ನೋಡಿದೆ. ಅವರು ಬೆಡ್‌ಪ್ಯಾನ್ ತೆಗೆದುಕೊಂಡು ಹೊರಗೆ ಹೋಗುತ್ತಿದ್ದರು. ಎಳೆಯರೇ, ವಿಷದಿಂದ ಮೈ ಮರಗಟ್ಟಿದವರಿಗೆ ಕಿವಿ ಕೇಳುತ್ತದೆ. ನಾನು ಇದನ್ನು ಓದಿದ್ದೆ. ಕಮಲಕ್ಕ ಓದಿರಲಿಲ್ಲ.

ಈಗ ಟ್ಯೂಬಿನ ವಿಷಯ. ನಮ್ಮ ಕಡೆ ಕನ್ನಡಿ ಹಾವು ಎನ್ನುವ ಹಾವನ್ನು ಪುಸ್ತಕದಲ್ಲಿ ಕೊಳಕುಮಂಡಲ ಎನ್ನುತ್ತಾರೆ. ಅದು ಕಡಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಮೆಶಿನ್ ಬೇಡ. ಒಂದು ಗಾಜಿನ ಟೆಸ್ಟ್ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ಬಗ್ಗಿಸಿ ನೋಡಬೇಕು. ಗಟ್ಟಿಯಾಗಿ ತಳದಲ್ಲೇ ನಿಂತರೆ ಸರಿ. ನೀರಿನ ಹಾಗೆ ಹರಿದರೆ ವಿಷ ಏರಿದೆ, ಮದ್ದು ಶುರು ಮಾಡಬೇಕು. ಈ ಪರೀಕ್ಷೆ ನಮ್ಮಲ್ಲಿಗೆ ಬಂದ ಮೇಲೆ ನನಗೆ ದೇವರು ಕೊಟ್ಟ ಹಾಗಾಯಿತು. ಅಲ್ಲಿಯವರೆಗೆ ಗಾಯ ನೋಡಿ, ಬಾವು ನೋಡಿ, ತಂದುಕೊಟ್ಟ ಸತ್ತ ಹಾವು ನೋಡಿ ಅಂದಾಜು ಮಾಡುವುದೇ ಆಗಿತ್ತು.

ಟ್ಯೂಬಿನ ಸರಬರಾಜು ಮಾತ್ರ ಆಗೊಮ್ಮೆ ಈಗೊಮ್ಮೆ. ಉಪಯೋಗಿಸಿದ್ದನ್ನು ಬಿಸಾಡಲು ನನಗೆ ಮನಸ್ಸಿಲ್ಲ. ಒಂದು ಬೆಳಿಗ್ಗೆ ಕಮಲಕ್ಕನನ್ನು ಕರೆದು, "ಇದನ್ನೆಲ್ಲ ಸೋಪಿನ ಹುಡಿ ಹಾಕಿ ತೊಳೆದು ಇಡಿ. ಪಳಪಳ ಹೊಳೀಬೇಕು" ಎಂದೆ. ನಾನೇ ಹೇಳಿದ್ದು, ಬೇರೆ ಯಾರೂ ಅಲ್ಲ. ಕಮಲಕ್ಕ ಬಾಟ್ಲಿ ತಿಕ್ಕುವ ಸಣ್ಣ ಬ್ರಶ್ಶು ಹುಡುಕಿ ತಂದು, ಸೋಪಿನ ಹುಡಿಯಲ್ಲಿ ಒಂದೊಂದನ್ನೇ ತಿಕ್ಕಿ, ಮೂರು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದರು. ನಾನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಹೀಗಿರ್ಬೇಕು" ಎಂದು ಹೊಗಳಿದೆ. ಆವತ್ತಿನಿಂದ ಅದೇ ಕ್ರಮವಾಯಿತು.

ಗಾಜಿನ ಮೈಗೆ ರಕ್ತ ತಾಗಿದಾಗಲೇ ಅದು ಗಟ್ಟಿಯಾಗಲು ಶುರುವಾಗುವುದು. ಸೋಪಿನ ಹುಡಿಯಲ್ಲಿ ತೊಳೆದರೆ ಗಾಜಿನ ಆ ಗುಣ ಹೋಗುತ್ತದೆ, ಎಷ್ಟು ಜಾಲಿಸಿದರೂ ಪೂರ್ತಿ ಮರಳುವುದಿಲ್ಲ. ಆಗ ಒಳ್ಳೆಯ ರಕ್ತವೂ ಹರಿದೀತು. ತರಬೇತಿಯಲ್ಲಿ ಹೊಸ, ಸ್ವಚ್ಛ, ಒಣ ಗಾಜಿನ ಟ್ಯೂಬು ಎಂದು ಹೇಳಿದ್ದರು. ಸ್ವಚ್ಛ, ಒಣ ಎಂಬುದನ್ನು ನಾನು ಹಿಡಿದುಕೊಂಡೆ, ಹೊಸ ಎಂಬುದನ್ನು ಬಿಟ್ಟೆ.

ಕೆದಂಬಾಡಿಯ ಹಸನಬ್ಬರು ಬಂದದ್ದು ಇಂಥ ದಿನಗಳಲ್ಲಿ. ಗುಜರಿ ಅಂಗಡಿಯವರು. ಹಳೆಯ ತಗಡು ಎತ್ತುವಾಗ ಬೆರಳಿಗೆ ಏನೋ ಕಡಿದಿತ್ತು, ಬೆರಳಿನ ಬುಡಕ್ಕೆ ಹುರಿ ಬಿಗಿದುಕೊಂಡೇ ಬಂದಿದ್ದರು. ಅದರಿಂದ ಬೆರಳು ಬಾತಿತ್ತು. ಮನುಷ್ಯ ಮಾತ್ರ ಆರಾಮ. "ಸಿಸ್ಟರೇ, ಅದು ವಿಷದ್ದಲ್ಲ. ನಾನು ನೋಡಿದ್ದೇನೆ, ಉದ್ದಕ್ಕೆ ಸಪೂರ ಉಂಟು. ಮನೆಯಲ್ಲಿ ಬೊಬ್ಬೆ ಹೊಡೆದ್ರು ಅಂತ ಬಂದದ್ದು" ಎಂದರು. ಹುರಿಯನ್ನು ಎಲ್ಲ ತಯಾರಿ ಮಾಡಿಕೊಂಡೇ ಬಿಚ್ಚಿದೆವು. ರಕ್ತ ತೆಗೆದು ಟ್ಯೂಬಿಗೆ ಹಾಕಿದೆ. ಇಪ್ಪತ್ತು ನಿಮಿಷ ಬಿಟ್ಟು ಬಗ್ಗಿಸಿದರೆ ನೀರಿನ ಹಾಗೆ ಹರಿಯಿತು. "ನೋಡಿ ಹಸನಬ್ಬರೇ, ನೀವು ಸುಳ್ಳು ಹೇಳಿದ್ರೂ ಟ್ಯೂಬು ಸುಳ್ಳು ಹೇಳುದಿಲ್ಲ" ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿ ಉಂಟು.

ಡಾಕ್ಟರು ಮದ್ದು ಬರೆದರು. ಅದು ಕುದುರೆಯ ರಕ್ತದಿಂದ ಮಾಡುವ ಮದ್ದು. ವಿಷ ಏರಿದವನಿಗೆ ಜೀವ ಕೊಡುತ್ತದೆ, ಕೆಲವರ ಮೈಗೆ ಒಗ್ಗುವುದಿಲ್ಲ. ಹಸನಬ್ಬರ ಮೈಗೆ ಒಗ್ಗಲಿಲ್ಲ. ಮೊದಲು ತುರಿಕೆ, ಆಮೇಲೆ ಮೈಯೆಲ್ಲ ದದ್ದು, ಕೆಮ್ಮು, ನಾಡಿ ಸಿಗುತ್ತಿಲ್ಲ. ಅಡ್ರಿನಲಿನ್ ಮೊದಲೇ ಸಿರಿಂಜಿನಲ್ಲಿ ಎಳೆದಿಟ್ಟಿದ್ದೆ, ತೊಡೆಗೆ ಚುಚ್ಚಿದೆ. ಐದು ನಿಮಿಷ ಕಳೆದು ಇನ್ನೊಂದು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನನ್ನ ಮುಖದಲ್ಲಿ ಎಂತ ಇತ್ತೋ ಗೊತ್ತಿಲ್ಲ. ನಾಡಿ ಮರಳಿದ ಮೇಲೆ ಮತ್ತೆ ರಕ್ತ ನೋಡಿದೆ, ಮತ್ತೆ ಹರಿಯಿತು. ಮದ್ದು ಮುಂದುವರಿಸುವ ಧೈರ್ಯ ಇಲ್ಲ, ನಿಲ್ಲಿಸುವ ಧೈರ್ಯವೂ ಇಲ್ಲ. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದೆವು.

ಮರುದಿನ ಬೆಳಿಗ್ಗೆ ಅಲ್ಲಿಯ ಹಿರಿಯ ಡಾಕ್ಟರೊಬ್ಬರು ಫೋನ್ ಮಾಡಿದರು. "ನಿಮ್ಮ ಪೇಶಂಟಿನ ರಕ್ತ ಇಲ್ಲಿ ಸರಿಯಾಗಿಯೇ ಹೆಪ್ಪುಗಟ್ಟಿದೆ. ಅವರಿಗೆ ವಿಷ ಏರಿರಲೇ ಇಲ್ಲ. ನಿಮ್ಮ ಟ್ಯೂಬು ಯಾವುದು, ಒಮ್ಮೆ ನೋಡಿಕೊಳ್ಳಿ" ಎಂದಷ್ಟೇ ಹೇಳಿ ಇಟ್ಟರು. ನಾನು ಫೋನ್ ಇಟ್ಟು, ತೊಳೆದ ಟ್ಯೂಬೊಂದನ್ನು ತೆಗೆದು, ನನ್ನ ಕೈಯಿಂದಲೇ ರಕ್ತ ಎಳೆದು ಅದಕ್ಕೆ ಹಾಕಿದೆ. ಗಡಿಯಾರ ನೋಡುತ್ತಾ ಕೂತೆ. ಇಪ್ಪತ್ತು ನಿಮಿಷಕ್ಕೆ ಬಗ್ಗಿಸಿದೆ. ಹರಿಯಿತು.

ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಕಮಲಕ್ಕ ಅದನ್ನು ನೋಡಿ ಬಟ್ಟೆ ಕೆಳಗೆ ಹಾಕಿದರು. "ಅಯ್ಯೋ ಸಿಸ್ಟರ್, ನಿಮಗೆ ಯಾವಾಗ ಕಡಿದದ್ದು?" ಎಂದರು.

ಹಸನಬ್ಬರ ವಿಷಯ ಕಿವಿಗೆ ಬಿದ್ದು ಮುಂದಿನ ವಾರ ಮೇಲಧಿಕಾರಿ ತಪಾಸಣೆಗೆ ಬಂದರು. ಮೇಜಿನ ಮೇಲೆ ಟ್ಯೂಬಿನ ಟ್ರೇ ಇತ್ತು. "ಇದನ್ನು ತೊಳೆದದ್ದು ಯಾರು?" ಎಂದು ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ಕಮಲಕ್ಕ, "ನಾನು ಸರ್" ಎಂದರು. "ಯಾರು ಹೇಳಿದ್ದು ತೊಳೆಯಲಿಕ್ಕೆ?" ಕಮಲಕ್ಕ ನನ್ನ ಕಡೆ ನೋಡಿದರು. ನಾನು ಟ್ರೇಯನ್ನು ನೋಡುತ್ತಿದ್ದೆ. ನನ್ನ ನಾಲಿಗೆ ಸಾಮಾನ್ಯಕ್ಕೆ ಸುಮ್ಮನಿರುವುದಲ್ಲ, ಡಾಕ್ಟರಿಗೂ ಜೋರು ಮಾಡಿದವಳು ನಾನು. ಆ ಹೊತ್ತು ಮಾತ್ರ ಅದು ಅಂಟಿಕೊಂಡಿತು. ಕಮಲಕ್ಕ ಸ್ವಲ್ಪ ಕಾದರು. ಆಮೇಲೆ, "ಯಾರೂ ಹೇಳ್ಲಿಲ್ಲ ಸರ್. ನಾನೇ ತೊಳೆದದ್ದು" ಎಂದರು.

ತಿಂಗಳ ಕೊನೆಗೆ ಗುತ್ತಿಗೆಯ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಅವರು ತಮ್ಮ ನೀಲಿ ಸೀರೆ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಬರ್ತೇನೆ ಸಿಸ್ಟರ್" ಎಂದರು. "ಆಯ್ತು ಕಮಲಕ್ಕ" ಎಂದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಸಸ್ಪೆಂಡ್ ಆದರೆ ಊರಿನಲ್ಲಿ ಎಲ್ಲರೂ ಎಂತ ಹೇಳಿಯಾರು ಎಂದು ಹೆದರಿದೆ. ಬೇರೆ ಕಾರಣ ಹುಡುಕಿ ಬರೆಯಬಹುದು, ಅದೆಲ್ಲ ಸುಳ್ಳಾಗುತ್ತದೆ.

ಹಸನಬ್ಬರು ಗುಣವಾಗಿ ಬಂದು ನಕ್ಕುಬಿಟ್ಟರು. "ಹಾವಿನಿಂದ ಬದುಕಿದೆ ಸಿಸ್ಟರೇ, ನಿಮ್ಮಿಂದ ಸಾಯ್ಲಿಕ್ಕಿತ್ತು" ಎಂದರು. ಅವರ ಹತ್ತಿರ ಕ್ಷಮೆ ಕೇಳಿದೆ. ಕೇಳಬೇಕಾದ ಇನ್ನೊಬ್ಬರ ಮನೆಗೆ ಹೋಗಲಿಲ್ಲ. ಕಡಬದ ಬಸ್ಸು ಆಸ್ಪತ್ರೆಯ ಎದುರಿನಿಂದಲೇ ಹೋಗುತ್ತಿತ್ತು.

ಕೆಲಸದ ಕ್ರಮವನ್ನು ಮಾತ್ರ ಬದಲಿಸಿದೆ. ಹೊಸ ಟ್ಯೂಬು ಬಿಟ್ಟು ಬೇರೆ ಮುಟ್ಟಲಿಲ್ಲ, ಸರಬರಾಜು ಬಾರದಿದ್ದರೆ ಕಚೇರಿಗೆ ಹೋಗಿ ಜಗಳ ಮಾಡಿ ತಂದೆ. ಯಾರ ರಕ್ತ ಪರೀಕ್ಷೆಗೆ ಇಟ್ಟರೂ ಪಕ್ಕದಲ್ಲಿ ಇನ್ನೊಂದು ಟ್ಯೂಬಿನಲ್ಲಿ ನನ್ನ ರಕ್ತ ಇಟ್ಟೆ. ನನ್ನದು ಗಟ್ಟಿಯಾದರೆ ಟ್ಯೂಬು ಸರಿ ಇದೆ ಎಂದು ಲೆಕ್ಕ. ನನ್ನ ಎಡಗೈಯ ಚುಚ್ಚಿದ ಗುರುತು ನೋಡಿ ಹೊಸ ಡಾಕ್ಟರೊಬ್ಬರು, "ಪೇಶಂಟಿನ ಮನೆಯವರ ರಕ್ತ ತೆಗೆದರೆ ಆಗದಾ ಸಿಸ್ಟರ್?" ಎಂದು ಕೇಳಿದ್ದರು. ಆಗುತ್ತದೆ. ನೀವು ಹಾಗೇ ಮಾಡಿ. ನನಗೆ ನನ್ನದೇ ಬೇಕಾಗಿತ್ತು.

ಬೇರೆಯೂ ಕಲಿತೆ. ಮದ್ದಿನ ಹುಡಿಗೆ ನೀರು ಹಾಕಿದ ಮೇಲೆ ಬಾಟ್ಲಿಯನ್ನು ಕುಲುಕಬಾರದು, ನೊರೆ ಬರುತ್ತದೆ. ಅಂಗೈಯಲ್ಲಿ ಮೆಲ್ಲನೆ ತಿರುಗಿಸಬೇಕು. ಕಾಡಂಚಿನ ಊರುಗಳಿಂದ ಬರುವವರಲ್ಲಿ ಕೆಲವರಿಗೆ ತರಗೆಲೆಯ ಬಣ್ಣದ, ಮೂಗು ಮೇಲೆತ್ತಿದ ಒಂದು ಗಿಡ್ಡ ಹಾವು ಕಡಿದಿರುತ್ತದೆ, ಅದಕ್ಕೆ ನಮ್ಮ ಮದ್ದು ಹತ್ತುವುದಿಲ್ಲ. ಹತ್ತದೆ ಇದ್ದಾಗ ಬಾಟ್ಲಿಯ ಮೇಲೆ ಬಾಟ್ಲಿ ಸುರಿಯದೆ ಬೇಗ ದೊಡ್ಡ ಆಸ್ಪತ್ರೆಗೆ ಕಳಿಸಿ. ಈಗ ಜನ ಫೋನಿನಲ್ಲಿ ಹಾವಿನ ಫೋಟೋ ತೆಗೆದು ತರುತ್ತಾರೆ. ಅದು ಒಳ್ಳೆಯದೇ. ಫೋಟೋ ತೆಗೆಯಲು ಹೋಗಿ ಇನ್ನೊಮ್ಮೆ ಕಡಿಸಿಕೊಂಡವರೂ ಇದ್ದಾರೆ, ಅವರಿಗೆ ನಾನು ಚೆನ್ನಾಗಿ ಬೈದಿದ್ದೇನೆ.

ನಾನು ನಿವೃತ್ತಳಾಗುವ ಮೊದಲಿನ ಬೇಸಿಗೆ. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಒಂದು ರಿಕ್ಷಾ ಬಂದು ನಿಂತಿತು. ಪಕ್ಕದ ಮನೆಯವಳ ಹೆಗಲು ಹಿಡಿದು ಇಳಿದವರು ಕಮಲಕ್ಕ. ಕೂದಲು ಬೆಳ್ಳಗಾಗಿತ್ತು. ಗೇರು ಗುಡ್ಡೆಯಲ್ಲಿ ಗೇರುಬೀಜ ಹೆಕ್ಕುವ ಕೆಲಸಕ್ಕೆ ಹೋಗಿದ್ದರು, ತರಗೆಲೆಯೊಳಗೆ ಪಾದಕ್ಕೆ ಕಡಿದಿತ್ತು. ಕಟ್ಟು ಕಟ್ಟಿರಲಿಲ್ಲ, ಕೊಯ್ದಿರಲಿಲ್ಲ, ಎಲ್ಲಿಯೂ ನಿಲ್ಲದೆ ನೇರ ಬಂದಿದ್ದರು. ಕಾಲನ್ನು ಅಲುಗಾಡದ ಹಾಗೆ ತೆಂಗಿನ ಮಡಲಿನ ಎರಡು ತುಂಡಿಗೆ ಸಡಿಲವಾಗಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. ನಮ್ಮ ವಾರ್ಡಿನಲ್ಲಿ ಇದ್ದವರಲ್ಲವೇ. ಪಾದ ಬಾತಿತ್ತು.

ನನ್ನ ಮುಖ ಆವತ್ತು ಸರಿ ಇರಲಿಲ್ಲ. ಅವರು ನನ್ನನ್ನು ನೋಡಿ, "ನೀವು ಇನ್ನೂ ಇಲ್ಲಿಯೇ ಇದ್ದೀರಾ ಸಿಸ್ಟರ್?" ಎಂದರು. ಡಾಕ್ಟರು ನೋಡಿ, ಎಲ್ಲಿಯೂ ರಕ್ತ ಸೋರುತ್ತಿಲ್ಲ, ಪರೀಕ್ಷೆ ಇಡಿ ಎಂದರು. ನಾನು ರಕ್ತ ಎಳೆದೆ. ಟ್ಯೂಬಿನ ಕಡೆ ಕೈ ಚಾಚುವಾಗ ಕಮಲಕ್ಕ ತಲೆ ಎತ್ತಿದರು.

"ಸಿಸ್ಟರ್, ಟ್ಯೂಬು ತೊಳೆದದ್ದಾ?"

ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಅವರ ಎದುರಿಗೇ ಹೊಸ ಪ್ಯಾಕೆಟ್ ಹರಿದು, ಎರಡು ಟ್ಯೂಬು ತೆಗೆದು, ಒಂದಕ್ಕೆ ಅವರ ರಕ್ತ, ಇನ್ನೊಂದಕ್ಕೆ ನನ್ನದು ಹಾಕಿ ಸ್ಟ್ಯಾಂಡಿನಲ್ಲಿ ಇಟ್ಟೆ. ಗಂಟೆ ಬರೆದುಕೊಂಡೆ. ಇಪ್ಪತ್ತು ನಿಮಿಷ ಮಾಡುವ ಕೆಲಸ ಏನೂ ಇರಲಿಲ್ಲ. ಡ್ರಿಪ್ ಹಾಕಿ ಆಗಿತ್ತು, ಅಡ್ರಿನಲಿನ್ ಎಳೆದು ಆಗಿತ್ತು. ನಾನು ಮಂಚದ ಪಕ್ಕ ಸ್ಟೂಲ್ ಎಳೆದು ಕೂತೆ.

"ಕಮಲಕ್ಕ, ಅದನ್ನು ತೊಳೀಲಿಕ್ಕೆ ಹೇಳಿದ್ದು ನಾನು. ಸಾಹೇಬರು ಕೇಳಿದಾಗ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ನಿಮ್ಮ ಕೆಲಸ ನನ್ನಿಂದ ಹೋದದ್ದು."

ಅವರು ಎರಡು ಟ್ಯೂಬುಗಳನ್ನು ನೋಡುತ್ತಾ ಮಲಗಿದ್ದರು. "ಹೌದಲ್ಲ, ನೀವೇ ಹೇಳಿದ್ದು" ಎಂದರು. "ನನಗೆ ನೆನಪುಂಟು. ನಿಮಗೆ ಮರೆತುಹೋಗಿದೆ ಅಂತ ಎಣಿಸಿದ್ದೆ. ಮರೆತಿದ್ರೆ ಮತ್ತೆ ಎಂತ ಹೇಳುದು, ಅಲ್ವ?"

"ಮರೆತಿರ್ಲಿಲ್ಲ."

"ಮತ್ತೆ ಯಾಕೆ ಇಷ್ಟು ವರ್ಷ ಒಮ್ಮೆಯೂ ಬರ್ಲಿಲ್ಲ?"

ನನಗೆ ನಾಚಿಕೆಯಾಯಿತು, ಅತ್ತುಬಿಟ್ಟೆ. ಅವರು ಡ್ರಿಪ್ ಇಲ್ಲದ ಕೈಯಿಂದ ನನ್ನ ಮಣಿಕಟ್ಟು ಹಿಡಿದು, "ಅಳುದು ಆಮೇಲೆ ಮಾಡಿ. ನನಗೆ ಈಗ ಹೆದರಿಕೆ ಆಗ್ತಾ ಉಂಟು. ಎಷ್ಟು ನಿಮಿಷ ಆಯ್ತು ಹೇಳಿ" ಎಂದರು. ಏಳು ಎಂದೆ. ಆಮೇಲೆ ಪ್ರತಿ ನಿಮಿಷ ಹೇಳಿದೆ. ಎಂಟು ಕಮಲಕ್ಕ. ಒಂಬತ್ತು. ಹತ್ತು ಆಯಿತು, ಅರ್ಧ ದಾರಿ. ಹೇಳುತ್ತಿರುವಾಗ ನನಗೆ ಆಂಬುಲೆನ್ಸಿನ ಕಲ್ಲಡ್ಕ, ಮಾಣಿ ನೆನಪಾಯಿತು.

ಇಪ್ಪತ್ತು ನಿಮಿಷಕ್ಕೆ ನನ್ನ ಟ್ಯೂಬು ಬಗ್ಗಿಸಿದೆ. ಗಟ್ಟಿ. ಅವರದ್ದು ಬಗ್ಗಿಸಿದೆ. ಹರಿಯಿತು. ಕಮಲಕ್ಕ ಎರಡನ್ನೂ ನೋಡಿದರು. "ಹಾಗಾದ್ರೆ ಇದು ನಿಜ" ಎಂದರು. "ಕೊಡಿ ಮದ್ದು."

ಹತ್ತು ಬಾಟ್ಲಿ ಮದ್ದನ್ನು ಒಂದೊಂದಾಗಿ ಅಂಗೈಯಲ್ಲಿ ತಿರುಗಿಸಿ ಕರಗಿಸಿದೆ. ಅವರ ಮೈಗೆ ಅದು ಒಗ್ಗಿತು. ಆರು ಗಂಟೆ ಬಿಟ್ಟು ನೋಡಿದಾಗ ರಕ್ತ ಇನ್ನೂ ಹರಿಯುತ್ತಿತ್ತು, ಮತ್ತೆ ಹತ್ತು ಬಾಟ್ಲಿ ಹೋಯಿತು. ಡ್ಯೂಟಿ ಮುಗಿದರೂ ನಾನು ಮನೆಗೆ ಹೋಗಲಿಲ್ಲ. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಅಳೆದು ಬರೆಯುತ್ತಾ ಇದ್ದೆ, ಈ ಕನ್ನಡಿ ಹಾವು ಕಿಡ್ನಿಯನ್ನು ಲಗಾಡಿ ತೆಗೆಯುತ್ತದೆ. ಮರುದಿನ ಬೆಳಿಗ್ಗೆ ಬಗ್ಗಿಸಿದ ಟ್ಯೂಬಿನಲ್ಲಿ ರಕ್ತ ತಳದಲ್ಲೇ ನಿಂತಿತು. ಅಲುಗಲಿಲ್ಲ. ಅವರಿಗೆ ತೋರಿಸಿದೆ. "ಈಗ ಮನೆಗೆ ಹೋಗಿ ಮಿಂದು ಬನ್ನಿ, ವಾಸನೆ ಬರ್ತಾ ಉಂಟು" ಎಂದರು.

ಆ ವಾರವೇ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಮೇಲಿನ ಕಚೇರಿಗೆ ತೆಗೆದುಕೊಂಡು ಹೋದೆ. ಗುಮಾಸ್ತರು ಓದಿ, "ಸಿಸ್ಟರ್, ಆ ಫೈಲೇ ಈಗ ಇಲ್ಲ. ಗುತ್ತಿಗೆಯವರೂ ಬದಲಾಗಿದ್ದಾರೆ. ಇದನ್ನು ನಾನು ಯಾವುದಕ್ಕೆ ಸೇರಿಸುದು?" ಎಂದರು. ಸೇರಿಸಲು ಜಾಗ ಇರಲಿಲ್ಲ. ಕಮಲಕ್ಕನಿಗೆ ಕೆಲಸ ಮರಳಿ ಸಿಗಲಿಲ್ಲ, ಅವರ ವಯಸ್ಸೂ ದಾಟಿತ್ತು. ಆ ಕಾಗದವನ್ನು ಮನೆಗೆ ತಂದೆ. ಈ ಬರಹ ಶುರುವಾದದ್ದು ಅದರ ಹಿಂಬದಿಯಲ್ಲಿ.

ಬರೆದು ಮುಗಿಸಿ ಮೊನ್ನೆ ಭಾನುವಾರ ಕಡಬದ ಬಸ್ಸು ಹತ್ತಿದೆ. ಕಮಲಕ್ಕ ಚಾವಡಿಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ಓದಿದರು. ನಾನು ಅವರು ಕೊಟ್ಟ ಮಜ್ಜಿಗೆ ಕುಡಿಯುತ್ತಾ ಅವರ ಮುಖ ನೋಡುತ್ತಿದ್ದೆ. "ಇದನ್ನು ಹೊಸ ಮಕ್ಕಳು ಓದುದಾ?" ಎಂದು ಕೇಳಿದರು. ಹೌದು ಎಂದೆ. "ನನ್ನ ಹೆಸರು ತೆಗೀಬೇಡಿ" ಎಂದರು. ಮತ್ತೆ ಓದಿದರು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು.

"ಇಲ್ಲೊಂದು ತಪ್ಪುಂಟು ಸಿಸ್ಟರ್. ಮೂರು ನೀರಿನಲ್ಲಿ ತೊಳೆದದ್ದು ಅಂತ ಬರೆದಿದ್ದೀರಿ. ಮೂರಲ್ಲ, ನಾಲ್ಕು. ನಾನು ಯಾವಾಗಲೂ ನಾಲ್ಕು ನೀರಿನಲ್ಲಿಯೇ ತೊಳೀತಿದ್ದದ್ದು. ಅದನ್ನು ಸರಿ ಮಾಡಿ."

ಮೇಲೆ ಬರೆದದ್ದನ್ನು ಅಳಿಸಿಲ್ಲ, ನನ್ನ ತಪ್ಪು ಅಲ್ಲಿಯೇ ಇರಲಿ. ಕಮಲಕ್ಕ ತೊಳೆದದ್ದು ನಾಲ್ಕು ನೀರಿನಲ್ಲಿ.